ಬೆಳಕನ್ನೂ ಶಬ್ದವನ್ನೂ ಒಂದೇ ಹಲಗೆಯಿಂದ ತಿರುಗಿಸುವ ಸಾಧನ: ಪೇಟೆಂಟ್ ಸಿಗುತ್ತದೆಯೇ?

ಬೆಳಕಿಂಡಿ:
ಎಲ್ಲರಿಗೂ ನಮಸ್ಕಾರ. ನಾನು ಯಾವ ಕಂಪನಿಗೂ ಸೇರಿದವನಲ್ಲ, ನನ್ನ ಬೆನ್ನಿಗೆ ಪ್ರಯೋಗಾಲಯವೂ ಇಲ್ಲ. ಬಿಡುವಿನಲ್ಲಿ ಏನನ್ನಾದರೂ ಬಿಚ್ಚಿ ಜೋಡಿಸುವ ಚಟ ಮಾತ್ರ ಇದೆ. ಸಣ್ಣ ಸಭಾಂಗಣಗಳಲ್ಲಿ ಎರಡು ತೊಂದರೆಗಳು ಜೊತೆಯಾಗಿಯೇ ಇರುತ್ತವೆ: ಮಾತನಾಡುವವರ ಮುಖ ನೆರಳಿನಲ್ಲಿರುತ್ತದೆ, ಅವರ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಇವೆರಡಕ್ಕೂ ಸೇರಿ ಒಂದೇ ಹಲಗೆ ಯೋಚಿಸಿದ್ದೇನೆ. 60 ಸೆಂ.ಮೀ. ಚೌಕದ ಅಲ್ಯೂಮಿನಿಯಂ ಹಲಗೆ, ಮುಂಭಾಗ ಕನ್ನಡಿಯ ಹಾಗೆ ಹೊಳಪು. ಅದನ್ನು ವೇದಿಕೆಯ ಮೇಲೆ ಓರೆಯಾಗಿ ತೂಗುಹಾಕಿದರೆ ಎತ್ತರದ ಕಿಟಕಿಯ ಬೆಳಕು ಮಾತುಗಾರರ ಮುಖಕ್ಕೆ ಬೀಳಬೇಕು, ಅವರ ದನಿ ಅದೇ ಹಲಗೆಗೆ ಬಡಿದು ಹಿಂದಿನ ಸಾಲಿಗೆ ಹೋಗಬೇಕು. ವಿದ್ಯುತ್ ಬೇಡ, ಮೈಕ್ ಬೇಡ.

ಇದಕ್ಕೆ ಪೇಟೆಂಟ್ ಸಿಗುತ್ತದೆಯೇ? ಬೆಳಕಿಗೊಂದು, ಶಬ್ದಕ್ಕೊಂದು ಎಂದು ಎರಡು ಅರ್ಜಿ ಹಾಕಬೇಕೇ? ನಕ್ಷೆ ಬೇಕೆಂದವರಿಗೆ ನಾಳೆ ಇಲ್ಲಿಯೇ ಹಾಕುತ್ತೇನೆ.

ಕ್ಲೇಮು_ಒಂದು:
ನಕ್ಷೆ ಹಾಕಬೇಡಿ! ಮಿಕ್ಕ ಮಾತು ಆಮೇಲೆ. ಅರ್ಜಿ ಸಲ್ಲಿಸುವ ಮೊದಲೇ ಸಾರ್ವಜನಿಕವಾಗಿ ತೋರಿಸಿದ್ದು ಹೊಸದಲ್ಲ ಎಂಬುದು ಪೇಟೆಂಟ್ ಕಾನೂನಿನ ಬುನಾದಿ. ಅಮೆರಿಕ, ಜಪಾನ್‌ಗಳಲ್ಲಿ ಸಂಶೋಧಕ ತಾನೇ ಬಹಿರಂಗಪಡಿಸಿದ್ದರೆ ಒಂದು ವರ್ಷದ ರಿಯಾಯಿತಿ ಉಂಟು. ಯುರೋಪಿನಲ್ಲಿ ಆ ದಾಕ್ಷಿಣ್ಯವಿಲ್ಲ. ನೀವು ಇಲ್ಲಿ ಬರೆದಿರುವಷ್ಟು ಈಗಾಗಲೇ ಜಗತ್ತಿನ ಪಾಲಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಡ್ಡಮಾತು:
ಇಷ್ಟಕ್ಕೂ ಅಲ್ಲಿ ಒಡೆಯುವುದಕ್ಕೆ ಮುತ್ತು ಎಲ್ಲಿದೆ? ಹೊಳೆಯುವ ತಗಡು ಬೆಳಕನ್ನು ತಿರುಗಿಸುತ್ತದೆ, ಗಟ್ಟಿಯಾದ ತಗಡು ಶಬ್ದವನ್ನು ತಿರುಗಿಸುತ್ತದೆ. ಪತನ ಕೋನ ಪ್ರತಿಫಲನ ಕೋನಕ್ಕೆ ಸಮ ಎಂಬುದಕ್ಕೆ ಪೇಟೆಂಟ್ ಕೇಳುತ್ತೀರಾ? ಅಂಗೈ ಹುಣ್ಣಿಗೆ ಕನ್ನಡಿ ಹಿಡಿದ ಹಾಗಾಯಿತು, ಅದೂ ಪೇಟೆಂಟ್ ಪಡೆದ ಕನ್ನಡಿ.

ತರಂಗದೂರ:
ಅಡ್ಡಮಾತು ಅವರೇ, ನಿಯಮ ಒಂದೇ ಆದರೂ ಅಳತೆ ಒಂದೇ ಅಲ್ಲ. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ, ಅಂದರೆ ಒಂದು ಅಲೆಯ ಉದ್ದ, 400ರಿಂದ 700 ನ್ಯಾನೋಮೀಟರ್. ಸಾಮಾನ್ಯ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 100 ಹರ್ಟ್ಸ್ (ಸೆಕೆಂಡಿಗೆ 100 ಕಂಪನ) ದನಿಯ ತರಂಗದೂರ 3.4 ಮೀಟರ್, 1000 ಹರ್ಟ್ಸ್‌ಗೆ 34 ಸೆಂ.ಮೀ., 10,000 ಹರ್ಟ್ಸ್‌ಗೆ 3.4 ಸೆಂ.ಮೀ. ಅಲೆಗಿಂತ ಹಲಗೆ ದೊಡ್ಡದಿದ್ದರೆ ಮಾತ್ರ ಅದು ಕನ್ನಡಿಯಂತೆ ವರ್ತಿಸುತ್ತದೆ. ಚಿಕ್ಕದಾದರೆ ಅಲೆ ಅದನ್ನು ಬಳಸಿಕೊಂಡು ಹೋಗುತ್ತದೆ. 60 ಸೆಂ.ಮೀ. ಹಲಗೆಗೆ ಆ ಗಡಿ ಸುಮಾರು 570 ಹರ್ಟ್ಸ್. ಅದರ ಕೆಳಗಿನ ಮಂದ್ರ ದನಿಗೆ ಹಲಗೆ ಅಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ.

ಇದಕ್ಕೆ ತಿರುಗುಮುರುಗಾದದ್ದೂ ಇದೆ. ಬೆಳಕಿನ ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಒರಟುತನವಿದ್ದರೂ ಬಿಂಬ ಮಸುಕಾಗುತ್ತದೆ. ಶಬ್ದಕ್ಕಾದರೋ ಗಾರೆ ಬಳಿದ ಒರಟು ಗೋಡೆಯೂ ಉಜ್ಜಿ ಹೊಳಪಿಟ್ಟ ಕನ್ನಡಿಯೇ. ಆದ್ದರಿಂದ ನಿಮ್ಮ ಹೊಳಪಿಗೆ ತಗಲುವ ಖರ್ಚೆಲ್ಲ ಬೆಳಕಿನ ಲೆಕ್ಕಕ್ಕೆ, ಹಲಗೆಯ ಗಾತ್ರದ ಖರ್ಚೆಲ್ಲ ಶಬ್ದದ ಲೆಕ್ಕಕ್ಕೆ.

ಹಿಂದಿನ_ಸಾಲು:
ಸಭಾಂಗಣಗಳ ಧ್ವನಿವ್ಯವಸ್ಥೆಯೇ ನನ್ನ ಹೊಟ್ಟೆಪಾಡು. 570 ಎಂಬುದು ಬಹಳ ಉದಾರವಾದ ಲೆಕ್ಕ. ಮಾತುಗಾರರಿಂದ ಹಲಗೆಗೆ ಎಷ್ಟು ದೂರ, ಅಲ್ಲಿಂದ ಕೇಳುಗರಿಗೆ ಎಷ್ಟು ದೂರ ಎಂಬುದೂ ಸೇರಬೇಕು. ಹಲಗೆ ಮೂರು ಮೀಟರ್ ದೂರದಲ್ಲಿದ್ದು ಹಿಂದಿನ ಸಾಲು ಅಲ್ಲಿಂದ ಹತ್ತು ಮೀಟರ್ ಇದ್ದರೆ, 60 ಸೆಂ.ಮೀ. ಚೌಕ ಸರಿಯಾಗಿ ಕೆಲಸ ಮಾಡುವುದು ಸುಮಾರು 2500 ಹರ್ಟ್ಸ್‌ನಿಂದ ಮೇಲಕ್ಕೆ. ಬದಿಯನ್ನು ಎರಡು ಪಟ್ಟು ಮಾಡಿ 120 ಸೆಂ.ಮೀ. ಇಟ್ಟರೆ ವಿಸ್ತೀರ್ಣ ನಾಲ್ಕು ಪಟ್ಟಾಗಿ ಆ ಗಡಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 700 ಹರ್ಟ್ಸ್‌ಗಿಂತ ಸ್ವಲ್ಪ ಕೆಳಗೆ ಎನ್ನಿ.

ಹಾಗೆಂದು ಎದೆಗುಂದಬೇಕಿಲ್ಲ. ಮಾತು ಅರ್ಥವಾಗುವುದು ಮಂದ್ರದಿಂದಲ್ಲ. ಸ, ಶ, ತ, ಕ ಮೊದಲಾದ ವ್ಯಂಜನಗಳು ಸ್ಪಷ್ಟವಾಗಬೇಕು, ಅವುಗಳ ಗುರುತು ಹೆಚ್ಚಾಗಿ 2000 ಹರ್ಟ್ಸ್‌ನ ಮೇಲೆಯೇ ಇರುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತವರು ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ. ನಿಮ್ಮ ಹಲಗೆ ಚಿಕ್ಕದಾದರೂ ಬೇಕಾದ ಭಾಗವನ್ನೇ ಹೊತ್ತು ತರುತ್ತದೆ. ಸಂಗೀತಕ್ಕೆ ಮಾತ್ರ ಇದನ್ನು ಬಳಸಲೇಬೇಡಿ.

ಕುತೂಹಲಿ:
ಒಂದು ಸಂದೇಹ. ಪ್ರತಿಧ್ವನಿಗೆ ಗೋಡೆ ಕನಿಷ್ಠ 17 ಮೀಟರ್ ದೂರ ಇರಬೇಕು ಎಂದು ಪಠ್ಯಪುಸ್ತಕದಲ್ಲಿದೆ. ಹಾಗಾದರೆ ಸಣ್ಣ ಸಭಾಂಗಣದಲ್ಲಿ ಈ ಹಲಗೆಯಿಂದ ಮಾತು ಎರಡೆರಡು ಸಲ ಕೇಳುವ ಭಯವೇ ಇಲ್ಲವೇ?

ಹಿಂದಿನ_ಸಾಲು:
ಪಠ್ಯದ 17 ಮೀಟರ್ ಬಂದಿರುವುದು 0.1 ಸೆಕೆಂಡ್ ಅಂತರದಿಂದ: ಹೋಗಿ ಬರುವ ದಾರಿ ಒಟ್ಟು 34 ಮೀಟರ್. ಮಾತಿನ ವಿಷಯದಲ್ಲಿ ನಾವು ಇಟ್ಟುಕೊಳ್ಳುವ ಗಡಿ ಅದರ ಅರ್ಧ, ಸುಮಾರು 50 ಮಿಲಿಸೆಕೆಂಡ್. ಅಂದರೆ ನೇರವಾಗಿ ಬಂದ ದನಿಗೂ ಬಳಸಿ ಬಂದ ದನಿಗೂ ದಾರಿಯ ವ್ಯತ್ಯಾಸ 17 ಮೀಟರ್ ಮೀರಬಾರದು. ಸಂಖ್ಯೆ ಅದೇ, ಅಳೆಯುವುದು ಬೇರೆ. ಆ ಗಡಿಯೊಳಗೆ ಬಂದ ಪ್ರತಿಫಲನವನ್ನು ಕಿವಿ ಬೇರೆಯಾಗಿ ಕೇಳುವುದಿಲ್ಲ, ಮೊದಲ ದನಿಗೇ ಸೇರಿಸಿಕೊಂಡು ಇನ್ನಷ್ಟು ಗಟ್ಟಿಯಾಗಿ ಕೇಳುತ್ತದೆ. ಹೆಲ್ಮುಟ್ ಹಾಸ್ 1949ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ ಪರೀಕ್ಷಿಸಿದ್ದು ಇದನ್ನೇ. ಬೆಳಕಿಂಡಿಯವರ ಹಲಗೆ ಮಾತುಗಾರರ ನೆತ್ತಿಯ ಮೇಲೆಯೇ ಇರುವುದರಿಂದ ಆ ಗಡಿಯ ಬಹಳ ಒಳಗಿದೆ.

ಅಡ್ಡಮಾತು:
ಕೆಲಸ ಮಾಡುತ್ತದೆ ಎಂದೇ ಇಟ್ಟುಕೊಳ್ಳೋಣ. ಇಂಗ್ಲೆಂಡಿನ ಕೆಂಟ್ ಕರಾವಳಿಯ ಡೆಂಜ್‌ನಲ್ಲಿ 1928–30ರ ಹೊತ್ತಿಗೆ ಕಾಂಕ್ರೀಟಿನ ಶಬ್ದಗನ್ನಡಿಗಳನ್ನು ಕಟ್ಟಿದರು. 20 ಅಡಿಯದು, 30 ಅಡಿಯದು, ಕೊನೆಗೆ 200 ಅಡಿ ಉದ್ದದ ಬಾಗಿದ ಗೋಡೆ. ಸಮುದ್ರದ ಮೇಲೆ ಬರುವ ವಿಮಾನದ ಸದ್ದನ್ನು ಮೊದಲೇ ಹಿಡಿಯುವುದು ಉದ್ದೇಶ. ಹಿಡಿಯುತ್ತಲೂ ಇದ್ದವು. ವಿಮಾನಗಳ ವೇಗ ಹೆಚ್ಚಿತು, ರೇಡಾರ್ ಬಂತು, ಗೋಡೆಗಳು ನೋಡುವವರಿಗೆ ಉಳಿದವು. ಕೆಲಸ ಮಾಡುವುದು ಬೇರೆ, ಯಾರಿಗಾದರೂ ಬೇಕಾಗುವುದು ಬೇರೆ. ಅಗ್ಗದ ಮೈಕ್ ಇರುವಾಗ ಈ ತಗಡು ಯಾರಿಗೆ?

ಬೆಳಕಿಂಡಿ:
ಮೈಕ್ ಇರುವ ಕಡೆಯೂ ಕರೆಂಟ್ ಹೋಗುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ಅದಿರಲಿ, ನನ್ನ ಪ್ರಶ್ನೆ ಪೇಟೆಂಟ್ ಬಗ್ಗೆ. ಪ್ರತಿಫಲನ ಹಳೆಯದು ಎಂದ ಮಾತ್ರಕ್ಕೆ ದಾರಿ ಮುಚ್ಚಿತೇ?

ಕ್ಲೇಮು_ಒಂದು:
ಮುಚ್ಚಿಲ್ಲ. ಒಂಟಿ ಸಂಶೋಧಕರು ಗೆದ್ದ ಉದಾಹರಣೆಗಳನ್ನು ನೋಡಿ, ಒಬ್ಬರೂ ಪ್ರತಿಫಲನವನ್ನು ಕಂಡುಹಿಡಿದವರಲ್ಲ.

ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್‌ನ ಪರ್ಸಿ ಶಾ ರಸ್ತೆಯ ನಡುವೆ ಹುದುಗಿಸುವ ಹೊಳೆಗಣ್ಣುಗಳಿಗೆ 1934ರಲ್ಲಿ ಪೇಟೆಂಟ್ ಪಡೆದ, 1935ರಲ್ಲಿ ಸ್ವಂತ ಕಂಪನಿ ತೆರೆದ. ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಗಾಜಿನ ಮಣಿಗಳು ಅವನಿಗಿಂತ ಮೊದಲೇ ಇದ್ದವು. 1920ರ ದಶಕದಲ್ಲಿ ರಿಚರ್ಡ್ ಹಾಲಿನ್ಸ್ ಮರ್ರೆ ಎಂಬ ಲೆಕ್ಕಿಗ ಅಂಥ ಮಸೂರಗಳನ್ನು ಫಲಕಗಳಿಗಾಗಿ ಮಾಡಿದ್ದ. ಶಾ ಅದನ್ನು ಒಯ್ದು ಇಟ್ಟದ್ದು ಧೂಳು, ಕೆಸರು, ಲಾರಿ ಚಕ್ರಗಳ ಕೆಳಗೆ. ಅಲ್ಲಿ ಗಾಜು ಒಂದು ವಾರವೂ ಹೊಳೆಯುವುದಿಲ್ಲ. ಅದಕ್ಕೆ ಅವನು ಮಾಡಿದ ಉಪಾಯ ನೋಡಿ: ಕಣ್ಣುಗಳನ್ನು ರಬ್ಬರಿನಲ್ಲಿ ಕೂರಿಸಿದ, ರಬ್ಬರನ್ನು ಎರಕದ ಕಬ್ಬಿಣದ ಗೂಡಿನಲ್ಲಿಟ್ಟ. ಚಕ್ರ ಹಾಯ್ದಾಗ ರಬ್ಬರ್ ಕುಗ್ಗುತ್ತದೆ, ಕಣ್ಣು ಕೆಳಗಿಳಿಯುವಾಗ ರಬ್ಬರಿನ ಅಂಚು ಅದರ ಮುಖವನ್ನು ಒರೆಸುತ್ತದೆ. ಗೂಡಿನಲ್ಲಿ ನಿಂತ ಮಳೆನೀರೇ ತೊಳೆಯುವ ನೀರು. ಯುದ್ಧಕಾಲದಲ್ಲಿ ರಾತ್ರಿ ದೀಪಗಳನ್ನು ಆರಿಸುವ ಆಜ್ಞೆ ಬಂದಾಗ ಅದರ ಬೆಲೆ ಎಲ್ಲರಿಗೂ ತಿಳಿಯಿತು. ಅವನಿಗೆ ಹಣ ತಂದದ್ದು ಕನ್ನಡಿಯಲ್ಲ, ಕನ್ನಡಿಯ ರೆಪ್ಪೆ.

ಶಬ್ದದ ಕಡೆ ಡಾನ್ ಲೆಸ್ಲಿ. 1940ರ ಸುಮಾರಿಗೆ ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಲಿಮಣೆ ವಾದ್ಯದ ಸ್ವರ ಸಪ್ಪೆಯಾಯಿತೆಂದು ತಿರುಗುವ ಸ್ಪೀಕರ್ ಪೆಟ್ಟಿಗೆ ಕಟ್ಟಿದ. ಮಂದ್ರದ ಸ್ಪೀಕರ್ ಅದರಲ್ಲಿ ತಿರುಗುವುದೇ ಇಲ್ಲ. ಕೆಳಗೆ ಓರೆ ಕೊರೆದ ಮರದ ಪೀಪಾಯಿ ತಿರುಗುತ್ತಾ ಸ್ವರವನ್ನು ಸುತ್ತಲೂ ಎರಚುತ್ತದೆ. ಮೇಲಿನ ಎರಡು ಕಹಳೆಗಳಲ್ಲಿ ಒಂದರಿಂದ ಮಾತ್ರ ಸ್ವರ ಬರುತ್ತದೆ, ಇನ್ನೊಂದು ತೂಕ ಸರಿದೂಗಿಸಲು ಇಟ್ಟ ಸುಳ್ಳು ಕಹಳೆ. ಹ್ಯಾಮಂಡ್ ಕಂಪನಿ ಬೇಡವೆಂದಿತು. ಲೆಸ್ಲಿ ತಾನೇ ತಯಾರಿಸಿ ಮಾರಿದ, 1965ರಲ್ಲಿ ವ್ಯವಹಾರವನ್ನು ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್‌ಗೆ ಕೊಟ್ಟ. 1980ರಲ್ಲಿ ಅದನ್ನು ಕೊಂಡದ್ದು ಅದೇ ಹ್ಯಾಮಂಡ್.

ಈಗ ಹೇಳಿ, ನಿಮ್ಮ ಹಲಗೆಯ ರೆಪ್ಪೆ ಯಾವುದು? ‘ಬೆಳಕನ್ನೂ ಶಬ್ದವನ್ನೂ ಪ್ರತಿಫಲಿಸುವ ಹಲಗೆ’ ಎಂದು ಕ್ಲೇಮು (ಯಾವುದರ ಮೇಲೆ ಹಕ್ಕು ಕೇಳುತ್ತೀರಿ ಎಂದು ಅರ್ಜಿಯಲ್ಲಿ ಹೇಳುವ ವಾಕ್ಯ) ಬರೆದರೆ ಪರೀಕ್ಷಕರು ಯಾವುದೋ ಹಳೆಯ ಕನ್ನಡಿಯನ್ನು ಎತ್ತಿ ತೋರಿಸಿ ಕಡತ ಮುಚ್ಚುತ್ತಾರೆ. ಎರಡು ಅರ್ಜಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬೆಳಕೂ ಶಬ್ದವೂ ಒಂದೇ ಉಪಾಯದಿಂದ ಕೂಡಿಕೊಂಡಿದ್ದರೆ ಒಂದು ಅರ್ಜಿ ಸಾಕು. ಸುಮ್ಮನೆ ಅಕ್ಕಪಕ್ಕ ಕುಳಿತಿದ್ದರೆ ಬೇರೆ ಬೇರೆ ಮಾಡಿ ಎನ್ನುತ್ತಾರೆ.

ಕುತೂಹಲಿ:
ಪೇಟೆಂಟ್ ಸಿಕ್ಕರೆ ಸಾಧನ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಸರ್ಕಾರ ಒಪ್ಪಿದಂತೆ ಅಲ್ಲವೇ?

ಕ್ಲೇಮು_ಒಂದು:
ಅಲ್ಲ. ಪರೀಕ್ಷಕರು ಹಲಗೆಯನ್ನು ತೂಗುಹಾಕಿ ನೋಡುವುದಿಲ್ಲ, ಕಾಗದ ನೋಡುತ್ತಾರೆ. ಹೊಸದೇ, ಆ ಕ್ಷೇತ್ರ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದೇ, ಉಪಯೋಗಕ್ಕೆ ಬರಬಹುದೇ ಎಂಬುದಷ್ಟೇ ಅವರ ಪ್ರಶ್ನೆ. ಅರ್ಜಿಯ ದಿನದಿಂದ 20 ವರ್ಷ ಬೇರೆಯವರು ಅದನ್ನು ಮಾಡದಂತೆ ತಡೆಯುವ ಹಕ್ಕು ಸಿಗುತ್ತದೆ. ತಡೆಯಲು ನ್ಯಾಯಾಲಯಕ್ಕೆ ಹೋಗಬೇಕಾದವರು ನೀವೇ. ಬಿಟ್ಟು ಬಿಟ್ಟು ಓಡುವ ಕಾರಿನ ವೈಪರ್ ಮಾಡಿದ ರಾಬರ್ಟ್ ಕರ್ನ್ಸ್ ಫೋರ್ಡ್, ಕ್ರೈಸ್ಲರ್‌ಗಳ ಮೇಲೆ ಗೆದ್ದದ್ದು ನಿಜ, ಆದರೆ ಆ ವ್ಯಾಜ್ಯ ಅವನ ಆಯುಷ್ಯದ ದೊಡ್ಡ ಪಾಲನ್ನು ತಿಂದಿತು. ಹಾಗೆಯೇ ‘ವಿಶ್ವ ಪೇಟೆಂಟ್’ ಎಂಬುದು ಇಲ್ಲ. ಅಂತರರಾಷ್ಟ್ರೀಯ ಅರ್ಜಿ ಹಾಕಿದರೆ ಮೊದಲ ದಿನಾಂಕದಿಂದ ಸಾಮಾನ್ಯವಾಗಿ 30 ತಿಂಗಳ ಸಮಯ ಸಿಗುತ್ತದೆ, ಆಮೇಲೆ ಪ್ರತಿ ದೇಶಕ್ಕೂ ಬೇರೆ ಶುಲ್ಕ, ಬೇರೆ ಪರೀಕ್ಷೆ.

ತರಂಗದೂರ:
ಬೆಳಕಿಂಡಿಯವರ ವಿನ್ಯಾಸದಲ್ಲಿ ಇನ್ನೊಂದು ತೊಡಕು ಕಾಣುತ್ತಿದೆ. ಬೆಳಕು ಕಿಟಕಿಯಿಂದ ಮುಖಕ್ಕೆ ಬರಬೇಕು, ಶಬ್ದ ಮುಖದಿಂದ ಹಿಂದಿನ ಸಾಲಿಗೆ ಹೋಗಬೇಕು. ಎರಡೂ ದಾರಿಗೆ ಮುಖ ಒಂದೇ ಬಿಂದು, ಇನ್ನೊಂದು ತುದಿ ಬೇರೆ ಬೇರೆ. ಹಲಗೆಯ ಒಂದೇ ಓರೆ ಎರಡಕ್ಕೂ ಹೊಂದಬೇಕಾದರೆ ಕಿಟಕಿ ಹಿಂದಿನ ಸಾಲಿನ ದಿಕ್ಕಿನಲ್ಲೇ ಇರಬೇಕು. ಇಲ್ಲವಾದರೆ ಬೆಳಕು ಸರಿಮಾಡಿದಾಗ ದನಿ ತಪ್ಪುತ್ತದೆ, ದನಿ ಸರಿಮಾಡಿದಾಗ ಬೆಳಕು.

ಬೆಳಕಿಂಡಿ:
ನಾನು ಕಟ್ಟಿದ ಮಾದರಿಯಲ್ಲಿ ಆದದ್ದು ಇದೇ! ಕೀಲು ಕೊಟ್ಟು ಬೇಕಾದಾಗ ತಿರುಗಿಸುವ ಏರ್ಪಾಡು ಮಾಡಿದೆ. ತಿರುಗಿಸಿದಾಗಲೆಲ್ಲ ಒಂದು ಸಿಕ್ಕರೆ ಇನ್ನೊಂದು ಕೈಬಿಡುತ್ತದೆ.

ಹಿಂದಿನ_ಸಾಲು:
ಹಾಗಾದರೆ ಎರಡನ್ನೂ ಬೇರೆ ಮಾಡಿ. ಸಿನಿಮಾ ಪರದೆಯನ್ನು ಹತ್ತಿರದಿಂದ ನೋಡಿದ್ದೀರಾ? ಅದರ ತುಂಬ ಮಿಲಿಮೀಟರಿನಷ್ಟು ಅಗಲದ ತೂತುಗಳಿರುತ್ತವೆ. ಚಿತ್ರ ಪರದೆಯಿಂದ ವಾಪಸು ಬರುತ್ತದೆ, ಸ್ಪೀಕರ್ ಪರದೆಯ ಹಿಂದಿರುತ್ತದೆ, ದನಿ ತೂತುಗಳಿಂದ ಹಾದು ಬರುತ್ತದೆ. ಬೆಳಕಿಗೆ ಗೋಡೆ, ಶಬ್ದಕ್ಕೆ ಬಾಗಿಲು.

ನೀವು ತೂತು ಕೊರೆಯುವುದೂ ಬೇಡ. ಮುಂದೆ ಅಲ್ಯೂಮಿನಿಯಂ ಲೇಪದ ತೆಳು ಪಾಲಿಯೆಸ್ಟರ್ ಹಾಳೆಯನ್ನು ಚೌಕಟ್ಟಿಗೆ ಬಿಗಿದು ಬೆಳಕಿನ ಓರೆಯಲ್ಲಿ ನಿಲ್ಲಿಸಿ. ಅದರ ಹಿಂದೆ ಭಾರದ ಪ್ಲೈವುಡ್ ಹಲಗೆಯನ್ನು ಶಬ್ದದ ಓರೆಯಲ್ಲಿ ನಿಲ್ಲಿಸಿ. ಬೆಳಕು ಹಾಳೆಯಲ್ಲೇ ತಿರುಗುತ್ತದೆ. ದನಿ ಹಾಳೆಯನ್ನು ದಾಟಿ, ಹಲಗೆಗೆ ಬಡಿದು, ಮತ್ತೆ ಹಾಳೆಯನ್ನು ದಾಟಿ ಹೋಗುತ್ತದೆ. ಎರಡಕ್ಕೂ ಬೇರೆ ಕೀಲು.

ತರಂಗದೂರ:
ಬಹಳ ಸೊಗಸಾದ ಉಪಾಯ. ಲೆಕ್ಕ ಹಾಕಿಯೇ ಬಿಟ್ಟೆ. 25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 25 ಪಾಲು) ದಪ್ಪದ ಹಾಳೆಯ ತೂಕ ಚದರ ಮೀಟರಿಗೆ ಸುಮಾರು 35 ಗ್ರಾಂ. ನೇರವಾಗಿ ಬಡಿಯುವ 1000 ಹರ್ಟ್ಸ್ ದನಿಗೆ ಅದರಿಂದಾಗುವ ನಷ್ಟ, ಶಬ್ದದ ಮಟ್ಟದ ಅಳತೆಯಲ್ಲಿ, ಅರ್ಧ ಡೆಸಿಬೆಲ್‌ಗೂ ಕಡಿಮೆ. ಆದರೆ 4000 ಹರ್ಟ್ಸ್‌ನಲ್ಲಿ ಅದು 3 ಡೆಸಿಬೆಲ್ ದಾಟುತ್ತದೆ, ಹೋಗುವಾಗೊಮ್ಮೆ ಬರುವಾಗೊಮ್ಮೆ ಎಂದರೆ 6ಕ್ಕೂ ಮೇಲೆ. ನೀವು ಉಳಿಸಬೇಕೆಂದ ವ್ಯಂಜನಗಳಿಗೇ ಪೆಟ್ಟು. 12 ಮೈಕ್ರಾನ್ ಹಾಳೆ ತೆಗೆದುಕೊಂಡರೆ ಒಂದು ಸಲಕ್ಕೆ ಸುಮಾರು 1 ಡೆಸಿಬೆಲ್, ಎರಡು ಸೇರಿ 2ರ ಆಸುಪಾಸು. ಅದನ್ನು ಕಿವಿ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಿಂದಿನ ಹಲಗೆಯ ಗಾತ್ರದಲ್ಲಿ ಮಾತ್ರ ಜಿಪುಣತನ ಬೇಡ. 1962ರಲ್ಲಿ ತೆರೆದ ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ಹಾಲ್‌ನಲ್ಲಿ ಬಿಡಿ ಬಿಡಿಯಾದ ಪ್ರತಿಫಲಕ ಫಲಕಗಳನ್ನು ಸೂರಿನಿಂದ ತೂಗುಹಾಕಿದ್ದರು. ಅವು ಮೇಲಿನ ಸ್ವರಗಳನ್ನು ತಿರುಗಿಸಿದವು, ಮಂದ್ರ ಅವುಗಳ ಸಂದಿನಲ್ಲಿ ನುಸುಳಿ ಹೋಯಿತು. ಏನೇನೋ ತೇಪೆ ಹಾಕಿ, ಕೊನೆಗೆ 1976ರಲ್ಲಿ ಒಳಾಂಗಣವನ್ನೇ ಕಿತ್ತು ಮತ್ತೆ ಕಟ್ಟಬೇಕಾಯಿತು. ಘಟಾನುಘಟಿಗಳಿದ್ದ ಕೆಲಸ ಅದು.

ಕ್ಲೇಮು_ಒಂದು:
ಇಬ್ಬರೂ ಸ್ವಲ್ಪ ನಿಲ್ಲಿಸುತ್ತೀರಾ? ನೀವು ಮಾಡುತ್ತಿರುವುದು ಏನೆಂದು ಗೊತ್ತೇ? ಈ ಎಳೆಯಲ್ಲಿ ಪೇಟೆಂಟಿಗೆ ಅರ್ಹವಾಗಬಹುದಾದ ಮೊದಲ ಮಾತು ಈಗ ಬಂದಿದೆ. ಅದೂ ಜಗತ್ತೇ ಓದುವ ಜಾಗದಲ್ಲಿ ಬಂದಿದೆ. ಹೇಳಿದವರು ಬೆಳಕಿಂಡಿ ಅಲ್ಲ. ಎರಡು ಕೀಲುಗಳ ಪದರವಿನ್ಯಾಸ ಕ್ಲೇಮಿನಲ್ಲಿ ಬಂದರೆ ಅದರ ಸಂಶೋಧಕರು ಹಿಂದಿನ_ಸಾಲು ಅವರು. ಅವರ ಹೆಸರು ಬಿಟ್ಟು ಅರ್ಜಿ ಹಾಕಿದರೆ ಪೇಟೆಂಟೇ ಬಿದ್ದುಹೋಗಬಹುದು.

ಅಡ್ಡಮಾತು:
ಈಗ ಚರ್ಚೆ ರಂಗೇರಿತು.

ಬೆಳಕಿಂಡಿ:
ನಿರ್ವಾಹಕರೇ, ಆ ಎರಡು ಉತ್ತರಗಳನ್ನು ತೆಗೆದುಹಾಕಲು ಸಾಧ್ಯವೇ?

ನಿರ್ವಾಹಕ:
ಬರೆದವರು ಕೇಳಿದರೆ ತೆಗೆಯುತ್ತೇವೆ. ಬೇರೆಯವರ ಕೋರಿಕೆಯ ಮೇಲೆ ತೆಗೆಯುವುದಿಲ್ಲ.

ಕ್ಲೇಮು_ಒಂದು:
ತೆಗೆದರೂ ಹೊಸತನ ಮರಳುವುದಿಲ್ಲ. ಎಷ್ಟು ಜನ ಓದಿದರು ಎಂಬುದು ಮುಖ್ಯವಲ್ಲ, ಓದಲು ಸಿಗುತ್ತಿತ್ತು ಎಂಬುದೇ ಸಾಕು. ರಿಯಾಯಿತಿ ಅವಧಿ ಇರುವ ದೇಶಗಳಲ್ಲಿ ಹಿಂದಿನ_ಸಾಲು ಅವರು ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಬೆಳಕಿಂಡಿಯವರು ಅವರ ಜೊತೆ ಸೇರಬೇಕಾದರೆ ಕ್ಲೇಮಿಗೆ ತಮ್ಮದೂ ಏನಾದರೂ ಕೊಟ್ಟಿರಬೇಕು. ಒಂದು ಮಾತು ನೆನಪಿರಲಿ: ಚೌಕಟ್ಟಿಗೆ ಬಿಗಿದ ಹಾಳೆಗನ್ನಡಿ ಈಗಾಗಲೇ ಮಾರುಕಟ್ಟೆಯಲ್ಲಿದೆ, ಶಬ್ದ ದಾಟಿಸುವ ಪರದೆಯೂ ಇದೆ. ಇವೆರಡನ್ನು ಕೂಡಿಸುವುದು ಬಲ್ಲವರಿಗೆ ತಾನಾಗಿ ಹೊಳೆಯುತ್ತದೆ ಎಂದು ಪರೀಕ್ಷಕರು ವಾದಿಸಿಯೇ ವಾದಿಸುತ್ತಾರೆ.

ಹಿಂದಿನ_ಸಾಲು:
ನನಗೆ ಪೇಟೆಂಟ್ ಬೇಡ. ಇಂಥ ಉಪಾಯ ಒಂದು ಕಾರ್ಯಕ್ರಮದ ಮುನ್ನಾದಿನ ಹತ್ತು ಹೊಳೆಯುತ್ತವೆ, ಮರುದಿನ ಮರೆತಿರುತ್ತವೆ. ಬೆಳಕಿಂಡಿಯವರು ಕಟ್ಟಿ ನೋಡಲಿ. ಉತ್ತರ ಇಲ್ಲೇ ಇರಲಿ, ಯಾರು ಬೇಕಾದರೂ ಬಳಸಲಿ.

ಅಡ್ಡಮಾತು:
ಕಟ್ಟುವ ಮೊದಲು ಇದನ್ನೂ ಯೋಚಿಸಿ. ತೆಳು ಹಾಳೆ ಶಬ್ದವನ್ನು ದಾಟಿಸುವುದು ತಾನು ನಡುಗುವುದರಿಂದಲೇ. ನಡುಗುವ ಕನ್ನಡಿಯಿಂದ ಬಂದ ಬೆಳಕೂ ನಡುಗುತ್ತದೆ. 1880ರಲ್ಲಿ ಗ್ರಹಾಂ ಬೆಲ್ ಮತ್ತು ಚಾರ್ಲ್ಸ್ ಸಮ್ನರ್ ಟೈಂಟರ್ ಫೋಟೋಫೋನ್ ಮಾಡಿದ್ದು ಹೀಗೆ: ತೆಳು ಕನ್ನಡಿಯ ಹಿಂದೆ ಮಾತನಾಡಿದರು, ಅದು ಕಂಪಿಸಿದಂತೆ ಪ್ರತಿಫಲಿಸಿದ ಬಿಸಿಲು ಏರಿಳಿಯಿತು, 200 ಮೀಟರಿಗೂ ಆಚೆ ಪರವಲಯ ದರ್ಪಣ ಹಾಗೂ ಬೆಳಕಿಗೆ ತಕ್ಕಂತೆ ವಿದ್ಯುತ್ ಏರಿಳಿಸುವ ಸೆಲೆನಿಯಂ ಕೋಶದಿಂದ ಅದನ್ನು ಮತ್ತೆ ಮಾತಾಗಿಸಿದರು. ಬೆಲ್‌ಗೆ ಟೆಲಿಫೋನಿಗಿಂತ ಅದರ ಮೇಲೆಯೇ ಹೆಚ್ಚು ಅಭಿಮಾನ. ಮೋಡ ಬಂದರೆ ಮಾತು ನಿಲ್ಲುತ್ತಿತ್ತು ಎಂಬುದು ಬೇರೆ. ನಿಮ್ಮ ಮಾತುಗಾರರು ಮಾತನಾಡುವಾಗಲೆಲ್ಲ ಅವರ ಮುಖದ ಮೇಲಿನ ಬೆಳಕು ಅಲುಗಿದರೆ ಏನು ಮಾಡುತ್ತೀರಿ?

ತರಂಗದೂರ:
ಮಾತಿನ ಕಂಪನಗಳು ಸೆಕೆಂಡಿಗೆ ನೂರಾರು ಬಾರಿ. ಅಷ್ಟು ವೇಗದ ಅಲುಗಾಟ ಕಣ್ಣಿಗೆ ಕಾಣುವುದಿಲ್ಲ. ಮೂರು ಮೀಟರ್ ದೂರದಿಂದ, ಬಿಚ್ಚುಗಂಟಲಿನ ಮಾತಿಗೂ ಹಾಳೆಯ ಕಂಪನ ಬಹಳ ಅಲ್ಪ. ತೊಂದರೆ ಬರುವುದು ಫ್ಯಾನಿನ ಗಾಳಿಯಿಂದ. ಅದು ನಿಧಾನವಾಗಿ ಉಬ್ಬಿಸುತ್ತದೆ, ಬೆಳಕಿನ ತೇಪೆ ಮುಖದಿಂದ ಎದೆಗೆ, ಎದೆಯಿಂದ ಹಣೆಗೆ ಓಡಾಡುತ್ತದೆ.

ಬೆಳಕಿಂಡಿ:
ಸರಿ, 12 ಮೈಕ್ರಾನ್ ಹಾಳೆ, 120 ಸೆಂ.ಮೀ. ಪ್ಲೈವುಡ್ ಎಂದು ತೀರ್ಮಾನಿಸಿದ್ದೇನೆ. ಅರ್ಜಿಯ ಯೋಚನೆ ಸದ್ಯಕ್ಕೆ ಬಿಟ್ಟೆ. ಹಾಳೆಯನ್ನು ಸುಕ್ಕಿಲ್ಲದೆ ಬಿಗಿಯುವುದು ಹೇಗೆ? ಕೈಯಿಂದ ಎಳೆದು ಅಂಟಿಸಿದರೆ ಮೂಲೆಗಳಲ್ಲಿ ನೆರಿಗೆ ಬೀಳುತ್ತಿದೆ.

ಹಿಂದಿನ_ಸಾಲು:
ಮೂಲೆಯಿಂದ ಶುರುಮಾಡಬೇಡಿ. ಎದುರುಬದುರು ಬದಿಗಳ ನಡುಮಧ್ಯದಿಂದ ಎರಡೂ ಕಡೆಗೆ ಎಳೆಯುತ್ತಾ ಬನ್ನಿ, ಚೌಕಟ್ಟಿಗೆ ಎರಡು ಬದಿ ಅಂಟುವ ಟೇಪ್ ಹಚ್ಚಿರಿ. ನಾಲ್ಕೂ ಬದಿ ಮುಗಿದ ಮೇಲೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ದೂರದಿಂದ ಹಾಯಿಸಿ. ಶಾಖಕ್ಕೆ ಕುಗ್ಗುವ ಬಗೆಯ ಹಾಳೆಯಾದರೆ ಉಳಿದ ನೆರಿಗೆ ತಾನಾಗಿ ಬಿಗಿಯುತ್ತದೆ. ಎಲ್ಲ ಹಾಳೆಯೂ ಹಾಗೆ ಕುಗ್ಗುವುದಿಲ್ಲ, ಮೊದಲು ತುಂಡೊಂದರ ಮೇಲೆ ನೋಡಿ. ಹಿಂದಿನ ಪ್ಲೈವುಡ್ಡಿಗೂ ಹಾಳೆಗೂ ನಡುವಿನ ಬದಿಗಳನ್ನು ಮುಚ್ಚಬೇಡಿ, ಮುಚ್ಚಿದರೆ ಅದು ಡೋಲಾಗುತ್ತದೆ. ತೂಗುಹಾಕುವ ಕೊಂಡಿ ಹಲಗೆಯ ಪೂರ್ತಿ ತೂಕದ ಹಲವು ಪಟ್ಟು ತಡೆಯುವಂತಿರಲಿ, ಜೊತೆಗೆ ಬೇರೆಯದೇ ಒಂದು ಸುರಕ್ಷಾ ತಂತಿಯೂ ಇರಲಿ. ಕೆಳಗೆ ನಿಲ್ಲುವವರು ಮನುಷ್ಯರು.

ಕುತೂಹಲಿ:
ಕಟ್ಟಿದ ಮೇಲೆ ಹಿಂದಿನ ಸಾಲಿನಲ್ಲಿ ಹಲಗೆ ಇದ್ದಾಗ, ಇಲ್ಲದಾಗ ಎಷ್ಟು ವ್ಯತ್ಯಾಸವಾಯಿತೆಂದು ಅಳೆದು ಹಾಕುತ್ತೀರಾ? ಮೊಬೈಲಿನಲ್ಲಿ ಅಳೆದರೆ ನಂಬಬಹುದೇ?

ಹಿಂದಿನ_ಸಾಲು:
ಮೊಬೈಲಿನ ಡೆಸಿಬೆಲ್ ಸಂಖ್ಯೆಯನ್ನು ನಂಬಬೇಡಿ. ಅದೇ ಮೊಬೈಲ್, ಅದೇ ಜಾಗ, ಅದೇ ಧ್ವನಿಮುದ್ರಿಕೆ ಇಟ್ಟುಕೊಂಡರೆ ವ್ಯತ್ಯಾಸವನ್ನು ತಕ್ಕಮಟ್ಟಿಗೆ ನಂಬಬಹುದು. ಅದಕ್ಕಿಂತ ಒಳ್ಳೆಯದು, ಅರ್ಥವಿಲ್ಲದ ಬಿಡಿ ಪದಗಳ ಪಟ್ಟಿಯನ್ನು ಯಾರಾದರೂ ಓದಲಿ, ಹಿಂದೆ ಕುಳಿತವರು ಕೇಳಿದ್ದನ್ನು ಬರೆದುಕೊಳ್ಳಲಿ. ಹಲಗೆ ಇದ್ದಾಗೊಂದು ಪಟ್ಟಿ, ಇಲ್ಲದಾಗ ಬೇರೆ ಪಟ್ಟಿ. ಓದುವವರಿಗೆ ಹಲಗೆಯ ವಿಷಯ ತಿಳಿದಿರಬಾರದು, ತಿಳಿದರೆ ದನಿ ಏರಿಸಿಬಿಡುತ್ತಾರೆ.